ನಡಾವಳಿ ಪುಸ್ತಕ

ಗುರುವಾರ. ವಾಲ್ಪರೈಸೊ.
ಬೂಟು ರಿಪೇರಿ ಅಂಗಡಿಯ ಮೇಲಿನ ಕೋಣೆ. ಹಾಜರಿ ಒಂಬತ್ತು.
ಹೀಟರು ಕೆಟ್ಟಿದೆ ಎಂದು ಮೊದಲು ಬರೆದೆ,
ಬರೆಯಲು ಸುಲಭವಾದ್ದರಿಂದ.

ಮಗಾಲಿ ತನ್ನ ಫೋನನ್ನು ಮೇಜಿನ ಮೇಲೆ
ಸತ್ತ ಮೀನಿನ ಹಾಗೆ ಮಗುಚಿಟ್ಟಳು.
ಸತ್ತಿರಲಿಲ್ಲ ಅದು. ನಿಮಿಷಕ್ಕೊಮ್ಮೆ ಮಿಡುಕುತ್ತಿತ್ತು,
ಮಿಡುಕಿದಾಗೆಲ್ಲ ಬ್ರೆಡ್ಡಿನ ಪುಡಿ ಒಂದಿಷ್ಟು ಸರಿಯುತ್ತಿತ್ತು.
ರೇಡಿಯೊದಲ್ಲಿ ಹತ್ತು ನಿಮಿಷ ಮಾತಾಡಿದ್ದಕ್ಕೆ
ಮೂರು ದಿನದಲ್ಲಿ ನಾನೂರ ಹನ್ನೆರಡು.
ಅರವತ್ತೊಂದರ ಅವಳ ಮುಖವನ್ನು
ಯಾರದೋ ಬೆತ್ತಲೆ ಮೈಗೆ ಅಂಟಿಸಿದ ಚಿತ್ರ;
ಕೊನೆಯದರಲ್ಲಿ ಬೈಗುಳವೇ ಇಲ್ಲ,
ಬೀದಿಯ ಹೆಸರು, ಮನೆ ನಂಬರು, ಅಷ್ಟೆ.

"ಒಂದು ಹೇಳಿಕೆ ಕೊಡೋಣ. ಎಲ್ಲರೂ ಸಹಿ ಹಾಕಿ."

ಎಲ್ಸೀರ, ಪಾಳಿ ಮುಗಿಸಿ
ದಾದಿಯ ಬಿಳಿ ಚಪ್ಪಲಿಯಲ್ಲೇ ಬಂದವಳು,
ಪೆನ್ನಿನ ಮುಚ್ಚಳ ತೆಗೆದಳು. ಮತ್ತೆ ಹಾಕಿದಳು.
"ಹೋದ ಚಳಿಗಾಲ ಇವೇ ನಿಯೆವೆಸ್‌ಗೆ ಬಂದಾಗ
ನೀನೇನಂದೆ, ನೆನಪಿದೆಯಾ?"

ನೆನಪಿತ್ತು. ಎಲ್ಲರಿಗೂ.
ನಿಯೆವೆಸ್ ಹೆಸರು ಹಿಡಿದು ದೂರಿದ್ದು
ಮಗಾಲಿಯ ಹಳೆಯ ಸಂಗಾತಿಯನ್ನು, ಬಂದರು ಕಾರ್ಮಿಕರ ಮುಂದಾಳು,
ನಮ್ಮ ಮೆರವಣಿಗೆಗೆಲ್ಲ ಧ್ವನಿವರ್ಧಕ ಹೊತ್ತು ಬಂದವನು.
ಚಹಾ ಕಲಕುತ್ತ ಮಗಾಲಿ ಅಂದಿದ್ದಳು:
"ಬೆಂಕಿಯಿಲ್ಲದೆ ಹೊಗೆಯಾಡೀತೆ?
ಅಷ್ಟೊಂದು ಜನ ಬೈಯಬೇಕಾದರೆ ಅವಳದೂ ಏನೋ ಇರಬೇಕು."

"ತಪ್ಪಿದೆ ಅಂತಲೇ ಇಟ್ಟುಕೋ. ಅದಕ್ಕೆ ಇವರು
ನನ್ನ ಮನೆ ನಂಬರು ಹಂಚಬೇಕೆ?"
"ಬೇಡ. ಆವತ್ತು ಬೇಡ ಅನ್ನಲು
ನಿನ್ನ ಬಾಯಲ್ಲಿ ಏನು ತುಂಬಿತ್ತು?"
"ಮೂವತ್ತು ವರ್ಷದ ಸ್ನೇಹ. ಉಗುಳಲಾಗಲಿಲ್ಲ."

ಈಗ ಜಗಳ ಬೇಡ, ಹೊರಗಿನವರು ನಗುತ್ತಾರೆ, ಅಂದರು ಯಾರೋ.
ನಗದ ದಿನ ಯಾವುದಿತ್ತು, ಅಂದರು ಇನ್ಯಾರೋ.
ಆಷಾಢಭೂತಿ ಎಂಬ ಮಾತು ಕಿಟಕಿ ಕಡೆಯಿಂದ ಬಂತು.
ಇದನ್ನು ಬರೆಯಲೇ, ಎಂದು ಕೇಳಿದೆ.
ಯಾರೂ ತಲೆಯೆತ್ತಲಿಲ್ಲ.

ರಯೇನ್, ಎಲ್ಲರಿಗಿಂತ ಕಿರಿಯಳು, ಫೋನು ತಿರುಗಿಸಿ
ಒಂದೊಂದೇ ಓದತೊಡಗಿದಳು, ದಿನಸಿ ಪಟ್ಟಿ ಓದುವ ದನಿಯಲ್ಲಿ.
ಮೂವತ್ತನೆಯದಕ್ಕೆ ನಿಂತಳು.
"ಈ ಕಾಗುಣಿತದ ತಪ್ಪು ನನಗೆ ಗೊತ್ತು.
ನಿಯೆವೆಸ್‌ಗೂ ಹೀಗೇ ಬರೆದಿದ್ದ. ಅವನೇ.
ಆಗ ಸುಳ್ಳುಬುರುಕಿ ಅಂದ, ಈಗ ಸುಳ್ಳುಬುರುಕಿಯರ ತಾಯಿ ಅಂತಾನೆ."

ದಡ ಕಂಡವಳ ಹಾಗೆ ಮಗಾಲಿ ಕತ್ತೆತ್ತಿದಳು.
"ನೋಡು. ಅವಳಿಗೂ ನನಗೂ ಅವನೇ."

"ಒಂದೇ ನಾಯಿ ಕಚ್ಚಿದ ಮಾತ್ರಕ್ಕೆ
ಅಕ್ಕತಂಗಿಯರಾಗಿಬಿಡುತ್ತೇವೆಯೆ?" ಅಂದಳು ಎಲ್ಸೀರ.
"ಅವಳನ್ನು ಕಚ್ಚಿದಾಗ ಯಾರ ನಾಯಿ ಅಂತ ಕೇಳಲಿಲ್ಲ ನೀನು,
ಆ ದಾರಿಯಲ್ಲಿ ಯಾಕೆ ಹೋದಳು ಅಂತ ಕೇಳಿದೆ."

ನಾನು ಹಿಂದಿನ ಪುಟಗಳನ್ನು ತಿರುವಿದೆ. ಜುಲೈ.
ನನ್ನದೇ ಕೈಬರಹ, ದುಂಡಗೆ:
ನಿಯೆವೆಸ್ ವಿಷಯ. ಸಮಯದ ಅಭಾವದಿಂದ ಮುಂದೂಡಲಾಯಿತು.
ಆ ಸಂಜೆ ಸಮಯ ಬೇಕಾದಷ್ಟಿತ್ತು.
ಪಿಕ್‌ನಿಕ್ಕಿಗೆ ಯಾರು ಏನು ತರಬೇಕೆಂದು
ಮುಕ್ಕಾಲು ಗಂಟೆ ಮಾತಾಡಿದ್ದು ಅದೇ ಪುಟದಲ್ಲಿದೆ.
ಅವಳ ನೀಲಿ ಲೋಟ ಇನ್ನೂ ಮೊಳೆಗೆ ತೂಗುತ್ತಿದೆ;
ತೊಳೆಯುವವರಿಲ್ಲ, ತೆಗೆಯುವವರೂ ಇಲ್ಲ.
ಪರರ ಎಲೆಯ ನೊಣ ಎಣಿಸಲೆಂದೇ ನನ್ನನ್ನು ಕಾರ್ಯದರ್ಶಿ ಮಾಡಿದರು.
ನನ್ನ ಎಲೆಯ ಹೆಗ್ಗಣ
ಮಸಿಯ ಬಣ್ಣದ್ದು.

ಹೇಳಿಕೆಗೆ ಐದು ಸಹಿ ಬಿದ್ದವು. ಎಲ್ಸೀರ ಹಾಕಲಿಲ್ಲ.
ಎಂಟಾಗಿತ್ತು. ಕಡಲ ಮಂಜು ಗುಡ್ಡ ಹತ್ತುತ್ತಿತ್ತು.
ಮಗಾಲಿ ಕೋಟಿನ ಗುಂಡಿ ತಪ್ಪು ತಪ್ಪಾಗಿ ಹಾಕಿಕೊಂಡು
ಬಾಗಿಲಲ್ಲಿ ನಿಂತಳು, ಬೀದಿ ನೋಡುತ್ತ. ಯಾರನ್ನೂ ಕರೆಯಲಿಲ್ಲ.
"ನಡಿ," ಎಂದು ಎದ್ದಳು ಎಲ್ಸೀರ, ಮುಖ ನೋಡದೆ.

ಕಿಟಕಿಯಿಂದ ಕಂಡದ್ದು:
ಗುಡ್ಡದ ಮೆಟ್ಟಿಲಲ್ಲಿ ಇಬ್ಬರು, ನಡುವೆ ಆರು ಮೆಟ್ಟಿಲು.
ಮುಂದಿನವಳು ಉಸಿರಿಗೆ ನಿಂತರೆ ಹಿಂದಿನವಳೂ ನಿಲ್ಲುವಳು.
ಆರು ಐದಾಗಲಿಲ್ಲ.
ಏಳೂ ಆಗಲಿಲ್ಲ.

ಇದನ್ನು ಯಾವ ಬಾಬತ್ತಿಗೆ ಬರೆಯುವುದೋ ತಿಳಿಯದೆ
'ಹೀಟರು: ಮುಂದಿನ ವಾರ' ಎಂದು ಬರೆದು, ಹೊಡೆದುಹಾಕಿ,
ಜುಲೈಗೆ ವಾಪಸು ಹೋಗಿ
ಸಮಯದ ಅಭಾವದ ಕೆಳಗೆ
ನನ್ನ ಹೆಸರು ಬರೆದೆ.